ಶ್ರುತಿಪೆಟ್ಟಿಗೆ ಬದಲಾಯ್ತು, ಮ್ಯಾನುಯಲ್?

ನಾವೇ ಮಾಡಿದ ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಮೊದಲು ಆರ್ಡುಯಿನೋ ಉನೋ ಮೇಲೆ ನಡೀತಿತ್ತು. ಶ್ರುತಿ ಬದಲಿಸೋ ನಾಬ್‌ಗೆ 5 ವೋಲ್ಟ್ ಕೊಡಿ ಅಂತ ಮ್ಯಾನುಯಲ್‌ನಲ್ಲಿ ಬರೆದಿದ್ವಿ. ಆಮೇಲೆ ಇಎಸ್‌ಪಿ32ಗೆ ಹೋದ್ವಿ. ಕೋಡ್ ಬದಲಾಯ್ತು, ಮ್ಯಾನುಯಲ್ ಹಾಗೇ ಉಳೀತು. ಇಎಸ್‌ಪಿ32ರ ಪಿನ್‌ಗಳಿಗೆ 3.3 ವೋಲ್ಟೇ ಮಿತಿ. ನಾಬ್ ಪೂರ್ತಿ ತಿರುಗಿಸಿದ್ರೆ 5 ವೋಲ್ಟ್ ನೇರ ಪಿನ್‌ಗೇ ಬರುತ್ತೆ. ಜೂನಿಯರ್ ಒಬ್ಬ ನಾವು ಬರೆದದ್ದನ್ನ ನಂಬಿ ಹಾಗೇ ಜೋಡಿಸಿದ. ಕಾರ್ಯಕ್ರಮದ ಹಿಂದಿನ ರಾತ್ರಿ ಬೋರ್ಡ್ ಹೋಯ್ತು. ಪಾಪ, ತಪ್ಪು ತನ್ನದೇ ಅಂದ್ಕೊಂಡಿದ್ದ.

ಈಗ ಮ್ಯಾನುಯಲ್ ಕೂಡ ಕೋಡ್ ಜೊತೆ ಗಿಟ್‌ನಲ್ಲೇ ಇದೆ. ಪಿನ್ ಬದಲಿಸಿದವರೇ ಅದೇ ಕಮಿಟ್‌ನಲ್ಲಿ ಮ್ಯಾನುಯಲ್ ತಿದ್ದಬೇಕು, ಇಲ್ಲದಿದ್ರೆ ಮರ್ಜ್ ಮಾಡಲ್ಲ. "ಆಮೇಲೆ ಬರೀತೀನಿ" ಅನ್ನೋದು "ಇಂಟರ್ನಲ್ಸ್ ಮುಗಿದ್ಮೇಲೆ ಓದ್ತೀನಿ" ಅಂದ ಹಾಗೇ. ಮೊದಲ ಸಾಲಲ್ಲಿ ವರ್ಷನ್ ನಂಬರ್ ಇರುತ್ತೆ. ಪೆಟ್ಟಿಗೆ ಆನ್ ಮಾಡಿದಾಗ ಡಿಸ್‌ಪ್ಲೇನಲ್ಲೂ ನಂಬರ್ ಬರುತ್ತೆ. ಎರಡೂ ಹೊಂದದಿದ್ರೆ ವೈರ್ ಮುಟ್ಟಬೇಡಿ.

ವೈರಿಂಗ್ ಫೋಟೋ ತೆಗೆದುಹಾಕಿದ್ವಿ. ನೋಡೋಕೆ ಚೆನ್ನಾಗಿತ್ತು, ಆದ್ರೆ ಒಂದು ವೈರ್ ಬದಲಾದ್ರೂ ಹೊಸ ಫೋಟೋ ಬೇಕು, ಅದನ್ನ ಯಾರೂ ತೆಗೆಯಲ್ಲ. ಪಿನ್‌ಗಳ ಪಟ್ಟಿ ಆದ್ರೆ ಒಂದು ಸಾಲು ತಿದ್ದಿದ್ರೆ ಆಯ್ತು. ಹಳೇ ಉನೋ ಪೆಟ್ಟಿಗೆ ಸಂಗೀತದ ರೂಮಲ್ಲಿ ಇನ್ನೂ ಶ್ರುತಿ ಕೊಡ್ತಿದೆ, ಅದಕ್ಕೆ 1.0ರ ಮ್ಯಾನುಯಲ್ ಅಳಿಸಿಲ್ಲ.