ಕಿಟಕಿಯತ್ತ ಬಾಗುವ ಗಿಡ

ಬೆಂಗಳೂರಿನ ಬಿಟಿಎಂ ಲೇಔಟಿನ ನಮ್ಮ ಮನೆಯೊಳಗಿಟ್ಟ ಎಚೆವೇರಿಯಾ ಗಿಡವು ಮೊದಲು ಗುಂಡಗೆ, ಒತ್ತೊತ್ತಾಗಿ ಇದ್ದದ್ದು ಈಗ ಉದ್ದಕ್ಕೆ ಬೆಳೆದು ಕಿಟಕಿಯತ್ತ ಬಾಗಿದೆ. ಏಕೆ?

ಅದಕ್ಕೆ ಬೆಳಕು ಸಾಲದು. ಮೆಕ್ಸಿಕೋದಂಥ ನಾಡುಗಳ ಬಂಡೆಗಳ ಮೇಲೆ, ತೆರೆದ ಆಕಾಶದಡಿಯಲ್ಲಿ ಬೆಳೆದುಬಂದ ಈ ಕುಲಕ್ಕೆ, ಗೋಡೆಗೆ ಗೋಡೆ ಆತುಕೊಂಡಂತಿರುವ ನಿಮ್ಮ ಬಡಾವಣೆಯ ಮನೆಗಳ ನಡುಕೋಣೆ ಕತ್ತಲೆಯೇ ಸರಿ. ನಮ್ಮ ಕಣ್ಣು ಮಂದಪ್ರಕಾಶಕ್ಕೆ ಬೇಗನೆ ಹೊಂದಿಕೊಳ್ಳುವುದರಿಂದ ಆ ಕೊರತೆ ನಮಗೆ ತೋರದು. ವರಮಾನವಿಳಿದ ಗೃಹಸ್ಥನು ಕೂಡಿಟ್ಟ ಹಣವನ್ನು ವೆಚ್ಚಮಾಡಿ ಮಗನನ್ನು ದೂರದೂರಿಗೆ ಸಂಪಾದನೆಗೆ ಕಳುಹುವಂತೆ, ಗಿಡವು ಎಲೆಗಳಲ್ಲಿ ಸಂಚಿತವಾದ ಆಹಾರವನ್ನು ವ್ಯಯಿಸಿ ಕಾಂಡವನ್ನು ಬೆಳಕಿನೆಡೆಗೆ ನೀಳವಾಗಿಸುತ್ತದೆ. ಆಕ್ಸಿನ್ ಎಂಬ ಬೆಳವಣಿಗೆಯ ದ್ರವ್ಯವು ನೆರಳಿನ ಪಾರ್ಶ್ವದಲ್ಲಿ ಹೆಚ್ಚಾಗಿ ಸೇರಿ, ಅಲ್ಲಿಯ ಜೀವಕೋಶಗಳು ಹೆಚ್ಚು ಉದ್ದವಾಗುವ ಕಾರಣ ಕಾಂಡವು ಕಿಟಕಿಯ ಕಡೆಗೆ ಬಾಗುವುದು.

ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದ ಬೆಂಗಳೂರಿನಲ್ಲಿ ಮಧ್ಯಾಹ್ನದ ಸೂರ್ಯನು ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನೆತ್ತಿಯ ಉತ್ತರಕ್ಕೂ ಉಳಿದ ತಿಂಗಳುಗಳಲ್ಲಿ ದಕ್ಷಿಣಕ್ಕೂ ಇರುವನಾದುದರಿಂದ, ಎದುರಿಗೆ ಕಟ್ಟಡದ ಅಡ್ಡಿಯಿಲ್ಲದ ಪೂರ್ವದ ಕಿಟಕಿಯೇ ಗಿಡವನ್ನಿಡಲು ವರ್ಷವಿಡೀ ನಂಬತಕ್ಕುದು. ಕುಂಡವು ಗಾಜಿನ ಪಕ್ಕದಲ್ಲೇ ಇರಲಿ; ಒಳಗೆ ಸರಿದಷ್ಟೂ ಬೆಳಕು ಶೀಘ್ರವಾಗಿ ಕ್ಷೀಣಿಸುತ್ತದೆ. ಆದರೆ ಒಮ್ಮೆಲೇ ಬಿರುಬಿಸಿಲಿಗೆ ಒಡ್ಡಬೇಡಿರಿ, ಎಲೆ ಸುಟ್ಟೀತು. ನೀಳವಾದ ಕಾಂಡವು ಮತ್ತೆ ಕುಗ್ಗಲಾರದು; ತುದಿಯನ್ನು ಕತ್ತರಿಸಿ, ಗಾಯವು ಒಣಗಿದ ಮೇಲೆ ಮರಳುಮಿಶ್ರಿತ ಮಣ್ಣಿನಲ್ಲಿ ನೆಟ್ಟರೆ ಹೊಸ ಬೇರು ಬಿಡುತ್ತದೆ.