ಕೊರಳಿನ ಕಿರುಗ್ರಂಥಿಯೂ ಮನೆಯ ನೆಮ್ಮದಿಯೂ

ಐವತ್ತು ದಾಟಿದ ಗೃಹಿಣಿಯೊಬ್ಬಳು ಸದಾ ಆಯಾಸವೆನ್ನುವಳು, ಮೈಮೂಳೆಗಳೆಲ್ಲ ನೋಯುವುವೆನ್ನುವಳು, ಇಟ್ಟ ವಸ್ತುವನ್ನು ಮರೆಯುವಳು, ಸಣ್ಣ ಮಾತಿಗೂ ಕಣ್ಣೀರು ತರುವಳು. ಮನೆಯವರು ಇದನ್ನು ವಯೋಧರ್ಮವೆಂದೋ ಸೋಮಾರಿತನವೆಂದೋ ಎಣಿಸಿಬಿಡುವರು. ಆದರೆ ಕೆಲವು ವೇಳೆ ಈ ಸಂಕಟಗಳ ಮೂಲವು ಆಕೆಯ ಕೊರಳಿನಲ್ಲಿಯೇ ಅಡಗಿರುವುದುಂಟು.

ಥೈರಾಯಿಡ್ ಗ್ರಂಥಿಯ ಹಿಂಬದಿಯಲ್ಲಿ ಅಕ್ಕಿಕಾಳಿನಷ್ಟು ಗಾತ್ರದ ಪ್ಯಾರಾಥೈರಾಯಿಡ್ ಗ್ರಂಥಿಗಳು ಸಾಮಾನ್ಯವಾಗಿ ನಾಲ್ಕು ಇರುವುವು. ಸ್ವೀಡನ್ ದೇಶದ ಈವಾರ್ ಸ್ಯಾಂಡ್‌ಸ್ಟ್ರೋಮ್ 1880ರಲ್ಲಿ ಇವುಗಳನ್ನು ವಿವರವಾಗಿ ವರ್ಣಿಸಿದನು. ರಕ್ತದಲ್ಲಿ ಕ್ಯಾಲ್ಸಿಯಂ, ಎಂದರೆ ಸುಣ್ಣದ ಸತ್ತ್ವವು, ಹದವಾಗಿರುವಂತೆ ಕಾಯುವುದು ಇವುಗಳ ಕಾರ್ಯ. ಇವುಗಳಲ್ಲೊಂದು ಗಂಟಾಗಿ ಬೆಳೆದು ಮಿತಿಮೀರಿ ರಸವನ್ನು ಸ್ರವಿಸಿದರೆ ಮೂಳೆಯ ಸುಣ್ಣವು ರಕ್ತಕ್ಕೆ ಇಳಿಯುವುದು. ಅದರಿಂದ ಮೂಳೆ ಸವೆಯುವುದು, ಮೂತ್ರಪಿಂಡದಲ್ಲಿ ಕಲ್ಲು ಕಟ್ಟುವುದು, ಮನಸ್ಸು ಕುಗ್ಗುವುದು.

ಇದನ್ನು ಬೇರುಸಹಿತ ಕಳೆಯಲು ಶಸ್ತ್ರಚಿಕಿತ್ಸೆಯೇ ಮಾರ್ಗ. 1925ರಲ್ಲಿ ವಿಯೆನ್ನಾ ನಗರದ ಫೆಲಿಕ್ಸ್ ಮಾಂಡ್ಲ್ ಎಂಬ ಶಸ್ತ್ರವೈದ್ಯನು ಟ್ರಾಂ ಗಾಡಿಯ ಕಂಡಕ್ಟರನೊಬ್ಬನ ಕೊರಳಿನಿಂದ ಇಂತಹ ಗಂಟನ್ನು ತೆಗೆದನು. ಮೂಳೆಗಳು ಜೀರ್ಣವಾಗಿ ಕುಗ್ಗಿದ್ದ ಆ ರೋಗಿಯು ಮತ್ತೆ ನಡೆದಾಡಿದನು. ಆದರೆ ಕೆಲವು ವರ್ಷಗಳ ಮೇಲೆ ವ್ಯಾಧಿಯು ಮರುಕಳಿಸಿತು. 1936ರಲ್ಲಿ ಆತನು ತೀರಿಕೊಂಡನು. ಈ ವೃತ್ತಾಂತದಲ್ಲಿ ಭರವಸೆಯೂ ಉಂಟು, ಎಚ್ಚರಿಕೆಯೂ ಉಂಟು.

ಈಗ ನುರಿತ ವೈದ್ಯರ ಕೈಯಲ್ಲಿ ಬಹುಮಂದಿ ಗುಣಹೊಂದುವರು. ಆದರೂ ಮೊದಲ ದಿನಗಳಲ್ಲಿ ಜಾಗರೂಕತೆ ಬೇಕು. ಬಹುಕಾಲ ಸುಣ್ಣವನ್ನು ಕಳೆದುಕೊಂಡ ಮೂಳೆಗಳು ಹಸಿದವರಂತೆ ಅದನ್ನು ರಕ್ತದಿಂದ ಸೆಳೆದುಕೊಳ್ಳುವುವು. ಆಗ ತುಟಿಯೂ ಬೆರಳ ತುದಿಗಳೂ ಜುಮ್ಮೆನ್ನುವುವು. ಕೂಡಲೇ ವೈದ್ಯರಿಗೆ ತಿಳಿಸಬೇಕು. ಅವರು ಹೇಳಿದ ಪ್ರಮಾಣದಲ್ಲಿಯೇ ಕ್ಯಾಲ್ಸಿಯಂ ಮತ್ತು ಡಿ ಜೀವಸತ್ತ್ವದ ಮಾತ್ರೆಗಳನ್ನು ಸೇವಿಸಬೇಕು. ಕೈಕಾಲು ಸೆಟೆದುಕೊಂಡರೆ ಆಸ್ಪತ್ರೆಗೆ ಹೋಗಲು ತಡಮಾಡಬಾರದು.

ಅನಂತರದ ವಾರ ತಿಂಗಳುಗಳಲ್ಲಿ ಅನೇಕರಿಗೆ ಆಯಾಸವು ಇಳಿಯುವುದು, ನಿದ್ರೆ ಹತ್ತುವುದು, ಮನಸ್ಸು ಹಗುರಾಗುವುದು. ಮೂಳೆ ಬಲಿಯುವುದಕ್ಕೆ ವರ್ಷಗಳೇ ಬೇಕು. ಎಲ್ಲರಿಗೂ ಎಲ್ಲ ಬಾಧೆಯೂ ತೊಲಗುವುದೆಂದು ಮಾತು ಕೊಡಲಾಗದು. ದಣಿವಿಗೆ ಬೇರೆ ಕಾರಣಗಳೂ ಇರಬಹುದಷ್ಟೆ. ಆರು ತಿಂಗಳ ಬಳಿಕವೂ ರಕ್ತದ ಕ್ಯಾಲ್ಸಿಯಂ ಹದದಲ್ಲಿದ್ದರೆ ರೋಗವು ವಾಸಿಯಾಯಿತೆಂದು ವೈದ್ಯರು ಎಣಿಸುವರು. ಮುಂದೆಯೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸುವುದು ಕ್ಷೇಮ.

ಕೊರಳಿನ ಗಾಯವು ಬೇಗನೆ ಮಾಯುವುದು. “ಸೋಮಾರಿ” ಎಂಬ ಮಾತಿನಿಂದಾದ ಗಾಯವು ಅಷ್ಟು ಬೇಗ ಮಾಯದು. ಗೃಹಿಣಿಯು ಚೇತರಿಸಿಕೊಳ್ಳುವವರೆಗೆ ಮನೆಗೆಲಸದ ಭಾರವನ್ನು ಹಂಚಿಕೊಂಡು ತಾಳ್ಮೆಯಿಂದಿರುವುದು, ಆಕೆಯನ್ನು ತಪ್ಪಾಗಿ ತಿಳಿದಿದ್ದ ಮನೆಯವರೆಲ್ಲರ ಧರ್ಮವು.