ಮನೆ ಬಿಟ್ಟು ಮಠ ಸೇರುವವರು: ಕಾರ್ಮೆಲ್ ಮಾತೆಯ ಹಬ್ಬಕ್ಕೊಂದು ಚಿಂತನೆ



ಜುಲೈ 16 ಕಾರ್ಮೆಲ್ ಮಾತೆಯ ಹಬ್ಬ. ನಮ್ಮಲ್ಲಿ ಅನೇಕರು ಕೊರಳಲ್ಲಿ ಕಂದು ಬಣ್ಣದ ಉತ್ತರಿಕೆ ಧರಿಸುತ್ತೇವೆ. ದಾರಕ್ಕೆ ಹೊಲಿದ ಆ ಎರಡು ಬಟ್ಟೆ ತುಂಡುಗಳು ಕಾರ್ಮೆಲ್ ಸಭೆಯವರು ತೊಡುವ ಮಠದ ಉಡುಪಿನ ಚಿಕ್ಕ ರೂಪ ಎಂಬುದು ಎಷ್ಟೋ ಜನರಿಗೆ ತಿಳಿದಿಲ್ಲ. ಉಡುಪಿನ ತುಂಡೊಂದು ನಮ್ಮ ಕೊರಳಲ್ಲಿದ್ದರೆ ನಮಗೆ ಸಂತೋಷ. ಆದರೆ ನಮ್ಮ ಮನೆಯ ಮಗಳೇ ಆ ಉಡುಪನ್ನು ಪೂರ್ತಿಯಾಗಿ ತೊಡುತ್ತೇನೆ ಎಂದಾಗ?

ಕಳೆದ ವರ್ಷ ಸಿರುಗುಪ್ಪ ಕಡೆಯ ಒಬ್ಬ ತಾಯಿ ಭಾನುವಾರದ ಬಲಿಪೂಜೆಯ ನಂತರ ನನ್ನ ಬಳಿ ಬಂದರು. ಮಗಳು ಪಿಯುಸಿ ಮುಗಿಸಿ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಕೆಲಸಕ್ಕೆ ಸೇರಿದ್ದಳು. ಈಗ ಕಾನ್ವೆಂಟಿಗೆ ಹೋಗುತ್ತೇನೆ ಎನ್ನುತ್ತಿದ್ದಾಳೆ. "ಏನ್ ಕಮ್ಮಿ ಮಾಡೀವಿ ಫಾದರ್ ಆಕಿಗೆ? ಯಾರರ ತಲಿ ಕೆಡಿಸ್ಯಾರೇನು?" ಎಂದು ಕೇಳಿದರು. ಅವರ ಕಣ್ಣಲ್ಲಿ ನೀರಿತ್ತು, ಸ್ವಲ್ಪ ಸಿಟ್ಟೂ ಇತ್ತು. ಸಿಟ್ಟು ನನ್ನ ಮೇಲೆಯೇ ಇರಬಹುದು, ಏಕೆಂದರೆ ದೈವಕರೆಗಾಗಿ ಪ್ರಾರ್ಥಿಸಿರಿ ಎಂದು ಪ್ರತಿ ವರ್ಷ ಪೀಠದಿಂದ ಹೇಳುವವನು ನಾನೇ ಅಲ್ಲವೇ? ಅದೇ ವಾರ ಕುರುಗೋಡಿನಲ್ಲಿ ಒಂದು ಮನೆ ಆಶೀರ್ವಾದಕ್ಕೆ ಹೋದಾಗ ಈ ಮಾತು ಬಂತು. ಒಬ್ಬ ಹಿರಿಯರು, "ಪ್ರೀತಿಯಲ್ಲಿ ಸೋತಿರಬೇಕು, ಇಲ್ಲವೇ ವರದಕ್ಷಿಣೆಗೆ ಹೆದರಿರಬೇಕು" ಎಂದು ತೀರ್ಪು ಕೊಟ್ಟೇಬಿಟ್ಟರು. ಮಠ ಸೇರುವುದೆಂದರೆ ಬದುಕಿಗೆ ಬೆನ್ನು ತಿರುಗಿಸಿ ಓಡುವುದು ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ.

ಕನ್ನಡದ ಮಣ್ಣಿಗೆ ಇದು ಹೊಸ ವಿಷಯವೇನಲ್ಲ. ಹನ್ನೆರಡನೆಯ ಶತಮಾನದಲ್ಲಿ ಅಕ್ಕಮಹಾದೇವಿ ಕೌಶಿಕನ ಅರಮನೆ ತೊರೆದು ಕಲ್ಯಾಣಕ್ಕೆ ನಡೆದ ಕಥೆ ನಮಗೆಲ್ಲ ಗೊತ್ತು. ಅಲ್ಲಿ ಶರಣರು ಆಕೆಯನ್ನು ಕೂಡಲೇ ಹಾರ ಹಾಕಿ ಬರಮಾಡಿಕೊಳ್ಳಲಿಲ್ಲ. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಆಕೆಯನ್ನು ಕಠಿಣವಾಗಿ ಪ್ರಶ್ನಿಸಿದರೆಂದು ಶೂನ್ಯಸಂಪಾದನೆ ಹೇಳುತ್ತದೆ. ಬಾಗಿಲಲ್ಲೇ ನಿಲ್ಲಿಸಿ, ಏಕೆ ಬಂದೆ, ಏನನ್ನು ಬಿಟ್ಟು ಬಂದೆ ಎಂದು ಕೇಳುವ ಆ ಪದ್ಧತಿ ನನಗೆ ಬಹಳ ಹಿಡಿಸುತ್ತದೆ. ನಮ್ಮ ಧರ್ಮಸಭೆ ಮಾಡುವುದೂ ಅದನ್ನೇ.

ನಮ್ಮ ಕರ್ನಾಟಕದ ಕಾರ್ಮೆಲ್ ಇತಿಹಾಸದಲ್ಲಿಯೇ ಇಬ್ಬರು ಮಹಿಳೆಯರಿದ್ದಾರೆ. ಒಬ್ಬರು ಸೋಫಿ ಲೀವ್ಸ್. 1823ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಹುಟ್ಟಿದವರು, ಆಂಗ್ಲಿಕನ್ ಪಾದ್ರಿಯ ಮಗಳು. ಓದು, ಭಾಷೆಗಳು, ಒಳ್ಳೆಯ ಸಮಾಜ ಎಲ್ಲವೂ ಇತ್ತು. ನೌಕಾಪಡೆಯ ಅಧಿಕಾರಿಯೊಬ್ಬರೊಂದಿಗೆ ಮದುವೆಯೂ ನಿಶ್ಚಯವಾಗಿತ್ತು. 1850ರಲ್ಲಿ ಮಾಲ್ಟಾ ದ್ವೀಪದಲ್ಲಿ ಅವರು ಕಥೋಲಿಕರಾದರು, ಮದುವೆ ಮುರಿಯಿತು. ಮರುವರ್ಷ ಸಂತ ಜೋಸೆಫರ ದರ್ಶನದ ಭಗಿನಿಯರ ಸಭೆಯನ್ನು ಸೇರಿ ವೆರೋನಿಕಾ ಎಂಬ ಹೆಸರು ಪಡೆದರು. 1860ರ ದಶಕದಲ್ಲಿ ನಮ್ಮ ನೆರೆಯ ಕಲ್ಲಿಕೋಟೆಯಲ್ಲಿ ಸೇವೆ ಮಾಡಿದರು. ಪ್ರಾರ್ಥನೆಯಲ್ಲಿ ಕಾರ್ಮೆಲ್, ಕೆಲಸದಲ್ಲಿ ಶಾಲೆ, ಹೀಗೆ ಎರಡೂ ಒಂದಾದ ಸಭೆಯೊಂದು ಇಲ್ಲಿಯ ಹೆಣ್ಣುಮಕ್ಕಳಿಗೆ ಬೇಕು ಎಂಬ ಯೋಚನೆ ಅವರದು.

ಇನ್ನೊಬ್ಬಳು ಮರಿಯಂ ಬವಾರ್ದಿ. 1846ರಲ್ಲಿ ಗಲಿಲೇಯದ ಇಬಿಲ್ಲಿನ್ ಹಳ್ಳಿಯಲ್ಲಿ ಹುಟ್ಟಿದವಳು. ಅವಳಿಗಿಂತ ಮೊದಲು ಹುಟ್ಟಿದ ಹನ್ನೆರಡು ಗಂಡುಮಕ್ಕಳನ್ನು ತಂದೆತಾಯಿ ಕಳೆದುಕೊಂಡಿದ್ದರು. ಅವಳಿಗೆ ಮೂರು ವರ್ಷ ತುಂಬುವ ಹೊತ್ತಿಗೆ ಅವರಿಬ್ಬರೂ ತೀರಿಹೋದರು. ಸಾಕಿದ ಚಿಕ್ಕಪ್ಪ ಹದಿಮೂರಕ್ಕೆ ಮದುವೆ ನಿಶ್ಚಯಿಸಿದಾಗ ಹುಡುಗಿ ತನ್ನ ಕೂದಲನ್ನೇ ಕತ್ತರಿಸಿಕೊಂಡಳು. ಆಮೇಲೆ ವರ್ಷಗಟ್ಟಲೆ ಅಲೆಕ್ಸಾಂಡ್ರಿಯಾ, ಜೆರುಸಲೇಮ್, ಬೈರೂತ್, ಮಾರ್ಸೇಲ್ಸ್ ಎಂದು ಊರೂರಿನಲ್ಲಿ ಮನೆಗೆಲಸ. ಓದು ಬರಹ ಬಾರದು. 1865ರಲ್ಲಿ ಮಾರ್ಸೇಲ್ಸ್‌ನಲ್ಲಿ ಅವಳು ಸೇರಿದ್ದು ವೆರೋನಿಕಾ ಅವರಿದ್ದ ಸಭೆಯನ್ನೇ. ಆದರೆ ಎರಡು ವರ್ಷಗಳ ನಂತರ ಆ ಸಭೆ ಅವಳನ್ನು ಬೇಡವೆಂದಿತು! ಅವಳಿಗಾಗುತ್ತಿದ್ದ ಅಸಾಧಾರಣ ದೈವಾನುಭವಗಳು ಶಾಲೆ, ಆಸ್ಪತ್ರೆ ನಡೆಸುವ ಸಭೆಗೆ ಹೊಂದುವುದಿಲ್ಲ ಎಂದು ಅವರ ಅಭಿಪ್ರಾಯ.

1867ರಲ್ಲಿ ಪದವಿ, ಪಾಂಡಿತ್ಯವಿದ್ದ ವೆರೋನಿಕಾ ಈ ಅನಕ್ಷರಸ್ಥ ಹುಡುಗಿಯ ಕೈಹಿಡಿದು ಫ್ರಾನ್ಸಿನ ಪೋ ನಗರದ ಕಾರ್ಮೆಲ್ ಮಠದ ಬಾಗಿಲು ತಟ್ಟಿದರು. 1868ರ ಜುಲೈ 16ರಂದು, ಇದೇ ಹಬ್ಬದ ದಿನ, ಬಯೋನ್‌ನಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆ ಪ್ರಾರಂಭವಾಯಿತು. 1870ರ ಆಗಸ್ಟಿನಲ್ಲಿ ಮಂಗಳೂರಿಗೆ ಹೊರಟ ತಂಡದಲ್ಲಿ ಈ ಹೊಸ ಸಭೆಯ ಮೂವರು ಭಗಿನಿಯರೂ, ಪೋ ಮಠದ ಕಾರ್ಮೆಲಿಗಳೂ ಇದ್ದರು. ಮರಿಯಂ ಕೂಡ ಇದ್ದಳು. ಮಂಗಳೂರು ಮುಟ್ಟುವ ಮೊದಲೇ ಅವರಲ್ಲಿ ಮೂವರು ತೀರಿಕೊಂಡರು. ಉಳಿದವರು ನವೆಂಬರಿನಲ್ಲಿ ಬಂದಿಳಿದರು. 1871ರ ನವೆಂಬರ್ 21ರಂದು ಮರಿಯಂ ಮಂಗಳೂರಿನಲ್ಲಿ ವ್ರತ ಸ್ವೀಕರಿಸಿದಳು. ಅಡುಗೆಮನೆಯೇ ಅವಳ ಕರ್ತವ್ಯದ ಸ್ಥಳವಾಗಿತ್ತು.

ಕಥೆ ಇಲ್ಲಿಗೆ ಸುಖವಾಗಿ ಮುಗಿದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ. ಅವಳ ಅನುಭವಗಳ ಬಗ್ಗೆ ಮಠದ ಹಿರಿಯರಿಗೆ ಸಂಶಯ ಹುಟ್ಟಿತು. 1872ರಲ್ಲಿ ಅವಳನ್ನು ಫ್ರಾನ್ಸಿಗೆ ಹಿಂದಕ್ಕೆ ಕಳುಹಿಸಲಾಯಿತು. ಒಳ್ಳೆಯವರೇ ತುಂಬಿದ ಮಠದಲ್ಲೂ ತಪ್ಪು ತಿಳುವಳಿಕೆ ಬರುತ್ತದೆ ಎಂಬುದನ್ನು ಮುಚ್ಚಿಡಬಾರದು. ಮಠವೆಂದರೆ ಗೋಡೆಯ ಒಳಗಿನ ಸ್ವರ್ಗ ಎಂದುಕೊಂಡು ಹೋಗುವವರಿಗೆ ಮೊದಲ ತಿಂಗಳಲ್ಲೇ ನಿರಾಸೆಯಾಗುತ್ತದೆ. 1875ರಲ್ಲಿ ಮರಿಯಂ ಬೆತ್ಲೆಹೇಮಿಗೆ ಹೋಗಿ ಅಲ್ಲಿ ಕಾರ್ಮೆಲ್ ಮಠ ಕಟ್ಟಿಸಿದಳು. ಕೆಲಸಗಾರರಿಗೆ ನೀರು ಒಯ್ಯುವಾಗ ಬಿದ್ದು ಕೈ ಮುರಿಯಿತು, ಗಾಯ ಕೊಳೆಯಿತು. 1878ರ ಆಗಸ್ಟ್ 26ರಂದು ತೀರಿಕೊಂಡಾಗ ಅವಳಿಗೆ 32 ವರ್ಷ. 2015ರ ಮೇ 17ರಂದು ಜಗದ್ಗುರು ಫ್ರಾನ್ಸಿಸ್‌ನವರು ಅವಳನ್ನು ಸಂತಳೆಂದು ಘೋಷಿಸಿದರು. ತಾವು ಸ್ಥಾಪಿಸಿದ ಸಭೆಯ ಮಂಗಳೂರಿನ ಕಾನ್ವೆಂಟಿನಲ್ಲಿ ಬಾಳುವ ಭಾಗ್ಯ ಮದರ್ ವೆರೋನಿಕಾ ಅವರಿಗೆ ದೊರೆಯಲಿಲ್ಲ. ಅವರು 1906ರಲ್ಲಿ ಪೋ ಮಠದಲ್ಲಿ ನಿಧನರಾದರು. ಅವರ ಮಕ್ಕಳು ಮಾತ್ರ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನು ತೆರೆದರು. ಲೋಕ ತೊರೆದವರಿಂದ ಲೋಕದ ಎಷ್ಟು ಹೆಣ್ಣುಮಕ್ಕಳು ಓದು ಕಲಿತರು ನೋಡಿರಿ.

ಇನ್ನು ತಂದೆತಾಯಿ ತಿಳಿದಿರಬೇಕಾದ ನಿಯಮಗಳು. ಇವು ಪೀಠದಿಂದ ಹೇಳಲು ಸ್ವಲ್ಪ ಒಣ ವಿಷಯ, ಆದರೆ ಅರ್ಧ ಭಯ ಕಳೆಯುವುದು ಇವುಗಳಿಂದಲೇ. ಧರ್ಮಸಭೆಯ ಕಾನೂನಿನ ಪ್ರಕಾರ 17 ವರ್ಷ ತುಂಬದವರಿಗೆ ನವಶಿಷ್ಯಾಲಯದಲ್ಲಿ ಪ್ರವೇಶವಿಲ್ಲ. ಬಲವಂತ, ಹೆದರಿಕೆ ಅಥವಾ ಮೋಸದಿಂದ ಸೇರಿಸಿಕೊಂಡರೆ ಆ ಪ್ರವೇಶವೇ ಅಸಿಂಧು. ನವಶಿಷ್ಯೆಯಾಗಿ ಕನಿಷ್ಠ 12 ತಿಂಗಳು ಇರಬೇಕು. ಆ ಅವಧಿಯಲ್ಲಿ ಯಾವ ದಿನ ಬೇಕಾದರೂ ಅವಳು ಮನೆಗೆ ಬರಬಹುದು, ಮಠದವರೂ ಬೇಡವೆನ್ನಬಹುದು. ಆಮೇಲೆ ಬಡತನ, ಬ್ರಹ್ಮಚರ್ಯ, ವಿಧೇಯತೆಯ ವ್ರತಗಳನ್ನು ತಾತ್ಕಾಲಿಕವಾಗಿ ಸ್ವೀಕರಿಸುತ್ತಾಳೆ. ಈ ಹಂತಕ್ಕೆ ಸಾಮಾನ್ಯವಾಗಿ ಮೂರರಿಂದ ಆರು ವರ್ಷ. ಅವಧಿ ಮುಗಿದಾಗ ಹೊರಬರಲು ಆಕೆ ಸ್ವತಂತ್ರಳು. ನಿತ್ಯ ವ್ರತಕ್ಕೆ 21 ವರ್ಷವಾದರೂ ತುಂಬಿರಬೇಕು. ಮರಿಯಂ ಸೇರಿದಂತಹ ಆವೃತ ಮಠಗಳಿಗಂತೂ 2018ರಲ್ಲಿ ರೋಮ್ ಹೊರಡಿಸಿದ ನಿಯಮದಂತೆ ತರಬೇತಿಯ ಒಟ್ಟು ಅವಧಿ ಒಂಬತ್ತು ವರ್ಷಕ್ಕಿಂತ ಕಡಿಮೆಯಿರಬಾರದು. ನಮ್ಮಲ್ಲಿ ಮದುವೆ ಮಾತುಕತೆ ಒಂಬತ್ತು ದಿನದಲ್ಲಿ ಮುಗಿಯುವುದುಂಟು! ನಡುವೆ ಹಿಂದಿರುಗಿದ ಹುಡುಗಿಯನ್ನು "ಕಾನ್ವೆಂಟ್ ಬಿಟ್ಟವಳು" ಎಂದು ಬೆರಳು ತೋರಿಸುವ ಕೆಟ್ಟ ಅಭ್ಯಾಸ ನಮ್ಮ ಕೇರಿಗಳಲ್ಲಿದೆ. ಅವಳು ಪರೀಕ್ಷೆಯಲ್ಲಿ ಸೋತವಳಲ್ಲ. ಪರೀಕ್ಷೆ ಇರುವುದೇ ಹಾಗೆ ತಿಳಿದುಕೊಳ್ಳಲಿಕ್ಕಾಗಿ.

ಸಿರುಗುಪ್ಪದ ಆ ತಾಯಿಯ ವಿಷಯಕ್ಕೆ ಬರುತ್ತೇನೆ. ನಿಧಾನವಾಗಿ ಕೂತು ಮಾತಾಡಿದಾಗ ಇನ್ನೊಂದು ಸಂಗತಿ ಹೊರಬಂತು. ತಂದೆಗೆ ದುಡಿಯಲಾಗದ ಕಾಯಿಲೆ. ತಮ್ಮನ ಓದು, ಮನೆಯ ಅಕ್ಕಿಬೇಳೆ, ಎಲ್ಲವೂ ಮಗಳ ಹೊಲಿಗೆಯ ಕೂಲಿಯಿಂದ. ಹೇಳಲು ನಾಚಿಕೆಯಾಗಿ ತಲೆ ಕೆಡಿಸಿದವರ ಮಾತೆತ್ತಿದ್ದರು. ಸೆಮಿನರಿಯಲ್ಲಿ ಓದಿದ್ದು ನನಗೆ ಆಗ ಉಪಯೋಗಕ್ಕೆ ಬಂತು. ಬೇರೆ ಆಸರೆಯಿಲ್ಲದ ತಂದೆತಾಯಿಯನ್ನು ಬಿಟ್ಟು ಮಠ ಸೇರುವುದು ಸಲ್ಲದು ಎಂದು ಸಂತ ತೋಮಸ್ ಅಕ್ವಿನಾಸರೇ ಬರೆದಿದ್ದಾರೆ. ಮಗಳಿಗೆ ಅದನ್ನು ಹೇಳಿದೆ. ಅವಳು ಅಳಬಹುದು ಎಂದುಕೊಂಡಿದ್ದೆ. ಅಳಲಿಲ್ಲ. "ಎಷ್ಟು ವರ್ಷ ಫಾದರ್?" ಎಂದಳು. ತಮ್ಮನ ಐಟಿಐ ಮುಗಿದು ಕೆಲಸ ಸಿಗುವವರೆಗೆ ಎಂದೆ.

ಈಗಲೂ ಅವಳು ಬಳ್ಳಾರಿಯಲ್ಲಿ ಹೊಲಿಯುತ್ತಿದ್ದಾಳೆ. ಕೆಲಸಕ್ಕೆ ಹೋಗುವ ಮೊದಲು ಬೆಳಗಿನ ಪೂಜೆಗೆ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಾಳೆ. ಕಳೆದ ತಿಂಗಳು ತಾಯಿ ಮತ್ತೆ ಬಂದಿದ್ದರು. ತಮ್ಮನದು ಇನ್ನೊಂದೇ ವರ್ಷ ಬಾಕಿ ಎಂದು ಹೇಳಿ, ಕಾನ್ವೆಂಟಿಗೆ ಹೋಗುವವರು ಮನೆಯಿಂದ ಎಷ್ಟು ಜೊತೆ ಬಟ್ಟೆ ಒಯ್ಯಬೇಕು ಎಂದು ಮೆಲ್ಲಗೆ ವಿಚಾರಿಸಿದರು.